ಕಡಲ ಅಲೆ, ಕಿವಿಯ ತಕರಾರು

ಮಲ್ಪೆ ಬಂದರಿನಿಂದ ಹೊರಟ ಬೋಟು ಅಳಿವೆ ದಾಟುವವರೆಗೂ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಎದುರುಗಾಳಿ ಮುಖಕ್ಕೆ ಬಡಿಯುತ್ತಿರುತ್ತದೆ, ಸೇಂಟ್ ಮೇರೀಸ್ ದ್ವೀಪ ದೂರದಲ್ಲಿ ಕಾಣುತ್ತಿರುತ್ತದೆ, ಬೆಂಗಳೂರಿನಿಂದಲೋ ಹಾಸನದಿಂದಲೋ ಬಂದ ಹವ್ಯಾಸಿ ಗಾಳಗಾರರು ಮೊಬೈಲು ಎತ್ತಿ ಹಿಡಿದು ಫೋಟೊ ತೆಗೆಯುವುದರಲ್ಲಿ ಮೈಮರೆತಿರುತ್ತಾರೆ. ತೊಂದರೆ ಶುರುವಾಗುವುದು ಮೀನಿನ ಜಾಗ ಬಂತೆಂದು ಬೋಟು ನಡೆಸುವ ತಾಂಡೇಲ ಎಂಜಿನ್ ನಿಲ್ಲಿಸಿದ ಮೇಲೆ. ಓಟ ನಿಂತ ಬೋಟು ನಿಧಾನವಾಗಿ ಅಲೆಗೆ ಅಡ್ಡ ತಿರುಗುತ್ತದೆ. ಮುಖಕ್ಕೆ ಬಡಿಯುತ್ತಿದ್ದ ಗಾಳಿ ಇಲ್ಲವಾಗುತ್ತದೆ. ಅದುವರೆಗೆ ಹಿಂದೆ ಹಿಂದೆ ಹೋಗುತ್ತಿದ್ದ ಡೀಸೆಲ್ ಹೊಗೆ ಈಗ ಬೋಟಿನ ಮೇಲೆಯೇ ನಿಲ್ಲುತ್ತದೆ, ಗಾಳಕ್ಕೆ ಚುಚ್ಚಲು ತಂದ ಸಿಗಡಿಯ ನಾತವೂ ಅದಕ್ಕೆ ಸೇರುತ್ತದೆ. ತಲೆ ತಗ್ಗಿಸಿ, ಕಣ್ಣು ಕಿರಿದು ಮಾಡಿ, ನೈಲಾನ್ ದಾರವನ್ನು ಗಾಳದ ಕಣ್ಣಿಗೆ ಪೋಣಿಸುತ್ತ ಕೂತವನು ಮೊದಲು ಆಕಳಿಸುತ್ತಾನೆ.

ಮುಂದಿನದೆಲ್ಲ ಬಹುಮಟ್ಟಿಗೆ ಒಂದೇ ಕ್ರಮದಲ್ಲಿ ನಡೆಯುತ್ತದೆ. ಆಕಳಿಕೆಯ ಬೆನ್ನಿಗೇ ಮಾತು ಕಡಿಮೆಯಾಗುತ್ತದೆ. ಮುಖ ಬಿಳಿಚಿಕೊಳ್ಳುತ್ತದೆ, ಹಣೆಯ ಮೇಲೆ ತಣ್ಣನೆಯ ಬೆವರು ಮೂಡುತ್ತದೆ, ಬಾಯಲ್ಲಿ ನೀರೂರುತ್ತದೆ, ಹೊಟ್ಟೆ ತೊಳಸತೊಡಗುತ್ತದೆ. ಕೊನೆಗೆ ಬೋಟಿನ ಅಂಚು ಹಿಡಿದು ಬಾಗುವುದೊಂದೇ ದಾರಿ. ಪಕ್ಕದವರು ಬೆಳಿಗ್ಗೆ ಹೋಟೆಲಿನಲ್ಲಿ ತಿಂದ ಗೋಳಿಬಜೆಯ ಮೇಲೆ ತಪ್ಪು ಹೊರಿಸುತ್ತಾರೆ. ಗೋಳಿಬಜೆ ನಿರಪರಾಧಿ. ಕಡಲಬೇನೆ ಹೊಟ್ಟೆಯ ಕಾಯಿಲೆಯೇ ಅಲ್ಲ. ಹೊಟ್ಟೆಗೆ ಅಪ್ಪಣೆ ಬರುವುದು ಮೆದುಳಿನಿಂದ. ಮೆದುಳು ಗಲಿಬಿಲಿಗೊಳ್ಳುವುದು ಕಿವಿ ಮತ್ತು ಕಣ್ಣು ಬೇರೆ ಬೇರೆ ವರದಿ ತಂದೊಪ್ಪಿಸುವುದರಿಂದ.

ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿಂಬೆಹಣ್ಣು ಮೂಸುವ ಪ್ರಯಾಣಿಕನಿಗೂ, ಗಾಳಿಗುಂಡಿಗೆ ಸಿಕ್ಕ ವಿಮಾನದಲ್ಲಿ ಕಾಗದದ ಚೀಲ ಹುಡುಕುವವನಿಗೂ ಆಗುವುದು ಇದೇ. ಇವೆಲ್ಲ ಒಂದೇ ಬೇನೆಯ ಬೇರೆ ಬೇರೆ ವೇಷ ಎಂದು ಗುರುತಿಸಿ, 1881ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಬರೆದ ಜೆ. ಎ. ಇರ್ವಿನ್ ಅದನ್ನು ಮೋಷನ್ ಸಿಕ್‌ನೆಸ್ ಎಂದು ಕರೆದರು. ಆದರೆ ಅದಕ್ಕೂ ಮೊದಲೇ ಒಬ್ಬ ಎಂಜಿನಿಯರು ಈ ಬೇನೆಯನ್ನು ಯಂತ್ರದಿಂದಲೇ ಗೆಲ್ಲಲು ಹೊರಟಿದ್ದ.

ಉಕ್ಕಿನ ದೊರೆಯ ತೂಗುಕೋಣೆ

ಅಗ್ಗವಾಗಿ, ರಾಶಿರಾಶಿಯಾಗಿ ಉಕ್ಕು ತಯಾರಿಸುವ ವಿಧಾನ ಕಂಡುಹಿಡಿದ ಹೆನ್ರಿ ಬೆಸೆಮರ್‌ಗೆ ಹಣಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಕಡಲನ್ನು ತಾಳುವ ಶಕ್ತಿಗೆ. 1868ರಲ್ಲಿ ಫ್ರಾನ್ಸಿನ ಕಲೇಯಿಂದ ಇಂಗ್ಲೆಂಡಿನ ಡೋವರ್‌ಗೆ ಬರುವಾಗ ಕಡಲಬೇನೆ ಅವನನ್ನು ಎಷ್ಟು ಹಣ್ಣುಮಾಡಿತೆಂದರೆ, ಹಡಗು ಇಳಿದ ಮೇಲೂ ಚೇತರಿಸಿಕೊಳ್ಳಲು ಬಹಳ ಹೊತ್ತು ಬೇಕಾಯಿತು. ಹಡಗು ಓಲಾಡಲಿ, ಪ್ರಯಾಣಿಕ ಕೂತ ಕೋಣೆ ಮಾತ್ರ ಓಲಾಡಬಾರದು ಎಂಬ ಆಲೋಚನೆ ಅಲ್ಲಿಂದ ಹುಟ್ಟಿತು. ಮರುವರ್ಷವೇ ಪೇಟೆಂಟ್ ಪಡೆದ. ಮನೆಯ ಬಯಲಿನಲ್ಲಿ ಮಾದರಿ ಕಟ್ಟಿಸಿ, ಹಬೆಯಂತ್ರದಿಂದ ಅದನ್ನು ಅಲ್ಲಾಡಿಸಿ ನೋಡಿದ.

1874ರ ಸೆಪ್ಟೆಂಬರಿನಲ್ಲಿ ‘ಬೆಸೆಮರ್’ ಹಡಗು ನೀರಿಗಿಳಿಯಿತು. ಉದ್ದ ಸುಮಾರು 107 ಮೀಟರ್. ಅದರ ನಡುವೆ 21 ಮೀಟರ್ ಉದ್ದ, 9 ಮೀಟರ್ ಅಗಲದ ಭವ್ಯ ಸಭಾಂಗಣ: ಕೆತ್ತನೆಯ ಓಕ್ ಮರ, ಚರ್ಮದ ಆಸನ, ಚಿನ್ನದ ಬಣ್ಣದ ಫಲಕಗಳು. ಈ ಇಡೀ ಕೋಣೆ ಅಚ್ಚಿನ ಮೇಲೆ ಕೂತಿತ್ತು. ಹಡಗು ಎಡಕ್ಕೆ ವಾಲಿದರೆ, ಮಟ್ಟಗೋಲನ್ನೇ ದಿಟ್ಟಿಸುತ್ತ ಕೂತ ಒಬ್ಬ ಚಾಲಕ ಹೈಡ್ರಾಲಿಕ್ ಸಾಧನದಿಂದ ಕೋಣೆಯನ್ನು ಬಲಕ್ಕೆ ಸರಿದೂಗಿಸಬೇಕು. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಆದರೆ ಹಡಗು ಚುಕ್ಕಾಣಿಯ ಮಾತು ಕೇಳುತ್ತಿರಲಿಲ್ಲ. 1875ರ ಏಪ್ರಿಲ್‌ನ ಖಾಸಗಿ ಯಾನದಲ್ಲಿ ಕಲೇ ಬಂದರಿನ ಕಟ್ಟೆಗೆ ಗುದ್ದಿಕೊಂಡಿತು. ಮೇ 8ರಂದು ಜನರನ್ನು ಹೊತ್ತು ಹೊರಟಾಗ ಮತ್ತೆ ಅದೇ ಕಲೇ, ಮತ್ತೆ ಕಟ್ಟೆಗೆ ಗುದ್ದು. ಆ ದಿನ ತೂಗುಕೋಣೆಯನ್ನು ಅಲುಗದಂತೆ ಬಿಗಿದೇ ಇಡಲಾಗಿತ್ತು. ಹಣ ಹಾಕಿದವರು ಹಿಂದೆ ಸರಿದರು, ಹಡಗು 1879ರಲ್ಲಿ ಗುಜರಿಗೆ ಹೋಯಿತು.

ಕೋಣೆ ನೆಟ್ಟಗೆ ಕೆಲಸ ಮಾಡಿದ್ದರೂ ಬೆಸೆಮರ್‌ನ ಹೊಟ್ಟೆ ಸುಮ್ಮನಿರುತ್ತಿತ್ತೇ? ಅನುಮಾನ. ಅವನು ತಡೆಯಲು ಹೊರಟದ್ದು ಎಡಬಲದ ಓಲಾಟವನ್ನು. ನಿಜವಾದ ಅಪರಾಧಿ ಬೇರೆ ಚಲನೆ ಎಂಬುದು ಗೊತ್ತಾಗಲು ಇನ್ನೂ ನೂರು ವರ್ಷ ಬೇಕಿತ್ತು.

ಕಿವುಡರಿಗೇಕೆ ಬರಲಿಲ್ಲ?

ಒಳಗಿವಿಯಲ್ಲಿ ಕೇಳಿಸಿಕೊಳ್ಳುವ ಅಂಗದ ಪಕ್ಕದಲ್ಲೇ ಸಮತೋಲದ ಅಂಗವೂ ಇದೆ. ಅದರಲ್ಲಿ ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿ ನಿಂತ ಮೂರು ಅರ್ಧವೃತ್ತದ ನಾಳಗಳು, ಅವುಗಳ ತುಂಬ ದ್ರವ. ತುಂಬಿದ ಕೊಡವನ್ನು ಥಟ್ಟನೆ ತಿರುಗಿಸಿದರೆ ಒಳಗಿನ ನೀರು ತುಸು ಹಿಂದೆ ಉಳಿಯುತ್ತದಲ್ಲ, ಹಾಗೆಯೇ ತಲೆ ತಿರುಗಿದಾಗ ಈ ದ್ರವ ಹಿಂದುಳಿದು, ನಾಳದೊಳಗಿನ ಮೆತ್ತನೆಯ ಪರದೆಯೊಂದನ್ನು ಬಾಗಿಸುತ್ತದೆ. ಪರದೆಯ ಬುಡದ ಸೂಕ್ಷ್ಮ ರೋಮಗಳು ಬಾಗಿ ಮೆದುಳಿಗೆ ಸುದ್ದಿ ಹೋಗುತ್ತದೆ: ತಲೆ ಇಂಥ ಕಡೆ, ಇಷ್ಟು ವೇಗದಲ್ಲಿ ತಿರುಗಿತು. ನಾಳಗಳ ಬುಡದಲ್ಲಿ ಎರಡು ಪುಟ್ಟ ಚೀಲಗಳೂ ಇವೆ. ಅವುಗಳಲ್ಲಿ ಅಂಟಿನಂಥ ಪದರ, ಪದರದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಹರಳುಗಳು. ಮೇಲಕ್ಕೇರಿದಾಗ, ಕೆಳಗಿಳಿದಾಗ, ಬಸ್ಸು ಬ್ರೇಕು ಹಾಕಿದಾಗ ಭಾರವಾದ ಈ ಹರಳುಗಳು ಜಗ್ಗುತ್ತವೆ. ನೆಲ ಯಾವ ಕಡೆ ಇದೆ ಎಂಬ ಲೆಕ್ಕವನ್ನು ಮೆದುಳಿಗೆ ಕೊಡುವುದೂ ಇವೇ.

ಕಡಲಬೇನೆಯ ಬೇರು ಇಲ್ಲಿದೆ ಎಂಬ ಗುಮಾನಿ ಹತ್ತೊಂಬತ್ತನೆಯ ಶತಮಾನದಲ್ಲೇ ಇತ್ತು. ಹುಟ್ಟುಕಿವುಡರಲ್ಲಿ ಅನೇಕರಿಗೆ ಗಿರಗಿರ ತಿರುಗಿಸಿದರೂ ತಲೆಸುತ್ತು ಬರುವುದಿಲ್ಲವೆಂದು ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1882ರಲ್ಲಿ ತೋರಿಸಿದ್ದ. ಅದಕ್ಕೆ ಪಕ್ಕಾ ಪುರಾವೆ ಸಿಕ್ಕಿದ್ದು ಬಾಹ್ಯಾಕಾಶ ಯುಗದಲ್ಲಿ. 1950ರ ದಶಕದ ಕೊನೆಗೆ ಅಮೆರಿಕದ ನೌಕಾಪಡೆಯ ವೈದ್ಯ ಆಷ್ಟನ್ ಗ್ರೇಬಿಯಲ್ ಮತ್ತು ಅವರ ತಂಡ ವಾಷಿಂಗ್ಟನ್ನಿನ ಗ್ಯಾಲಡೆಟ್ ಕಾಲೇಜಿನಿಂದ ಹನ್ನೊಂದು ಮಂದಿ ಕಿವುಡರನ್ನು ಆರಿಸಿಕೊಂಡಿತು. ಹೆಚ್ಚಿನವರು ಎಳವೆಯಲ್ಲಿ ಮೆದುಳುಪೊರೆಯ ಜ್ವರದಿಂದ ಕಿವಿಯನ್ನೂ ಅದರ ಜೊತೆಗೆ ಸಮತೋಲದ ಅಂಗವನ್ನೂ ಕಳೆದುಕೊಂಡವರು. ಸುಮಾರು ಹತ್ತು ವರ್ಷ ನಡೆದ ಪ್ರಯೋಗಗಳಲ್ಲಿ ಅವರನ್ನು ಸುತ್ತುವ ಕೋಣೆಯಲ್ಲಿ ದಿನಗಟ್ಟಲೆ ಇರಿಸಿದರು, ವಿಮಾನದಲ್ಲಿ ಏರಿಸಿ ಇಳಿಸಿದರು. ಒಮ್ಮೆ ಕೆನಡಾದ ನೋವಾ ಸ್ಕೋಷಿಯಾ ತೀರದಲ್ಲಿ ಅಬ್ಬರದ ಕಡಲಿಗೂ ಕರೆದೊಯ್ದರು. ಕಿವುಡರು ಇಸ್ಪೀಟು ಆಡುತ್ತ, ಸನ್ನೆಯಲ್ಲಿ ಹರಟುತ್ತ ಆರಾಮವಾಗಿದ್ದರು. ಅವರನ್ನು ಪರೀಕ್ಷಿಸಬೇಕಾದ ವಿಜ್ಞಾನಿಗಳೇ ಕಡಲಬೇನೆಗೆ ಸಿಕ್ಕಿ ನೆಲ ಹಿಡಿದರು, ಪ್ರಯೋಗವನ್ನೇ ನಿಲ್ಲಿಸಬೇಕಾಯಿತು.

ಒಳಗಿವಿಯ ಸಮತೋಲ ಅಂಗ ಇಲ್ಲದಿದ್ದರೆ ಕಡಲಬೇನೆಯೂ ಇಲ್ಲ. ಹಾಗಾದರೆ ಕಣ್ಣಿನ ಪಾತ್ರವೇನು? ಬೋಟಿನ ಕೋಣೆಯೊಳಗೆ ಕೂತವನ ಕಣ್ಣು ‘ಗೋಡೆ ನಿಂತಿದೆ, ಬೆಂಚು ನಿಂತಿದೆ, ನಾನೂ ನಿಂತಿದ್ದೇನೆ’ ಎನ್ನುತ್ತದೆ. ಕಿವಿ ‘ಇಲ್ಲ, ಈಗಷ್ಟೇ ಎರಡಡಿ ಮೇಲೆ ಹೋಗಿ ಕೆಳಗೆ ಬಂದೆವು’ ಎನ್ನುತ್ತದೆ. ಈ ಜಗಳವೇ ಬೇನೆಗೆ ಕಾರಣ ಎಂಬುದು ಜನಪ್ರಿಯ ವಿವರಣೆ. ಆದರೆ ಕುರುಡರಿಗೂ ಕಡಲಬೇನೆ ಬರುತ್ತದೆ. ಹಾಗಾಗಿ ಬ್ರಿಟನ್ನಿನ ಜೇಮ್ಸ್ ರೀಸನ್ ಮತ್ತು ಜೆ. ಜೆ. ಬ್ರ್ಯಾಂಡ್ 1975ರ ತಮ್ಮ ಪುಸ್ತಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮೆದುಳು ಇಂದ್ರಿಯಗಳ ವರದಿಗೆ ಕಾದು ಕೂರುವುದಿಲ್ಲ. ಮುಂದಿನ ಕ್ಷಣ ಏನಾಗಬೇಕೆಂದು ಹಳೆಯ ಅನುಭವದಿಂದ ಮೊದಲೇ ಅಂದಾಜು ಹಾಕುತ್ತದೆ. ಬಂದ ವರದಿ ಈ ಅಂದಾಜಿಗೆ ಮತ್ತೆ ಮತ್ತೆ ಹೊಂದದೆ ಹೋದಾಗ ಬೇನೆ ಹುಟ್ಟುತ್ತದೆ. ಈಗಲೂ ಹೆಚ್ಚಿನ ತಜ್ಞರು ಆಧರಿಸುವುದು ಈ ವಾದವನ್ನೇ.

ಚುಕ್ಕಾಣಿ ಹಿಡಿದ ತಾಂಡೇಲನಿಗೆ ಏನೂ ಆಗದೆ ಅವನ ಪಕ್ಕದಲ್ಲೇ ನಿಂತ ಅತಿಥಿಗೆ ವಾಂತಿಯಾಗುವುದು ಏಕೆಂಬುದನ್ನೂ ಇದು ಹೇಳುತ್ತದೆ. ಬೋಟು ಯಾವ ಕಡೆ ತಿರುಗಲಿದೆ ಎಂಬುದು ತಾಂಡೇಲನ ಕೈಗೆ ಮೊದಲೇ ಗೊತ್ತು. ಎದುರಿನ ಅಲೆಯನ್ನು ಕಣ್ಣು ಮೊದಲೇ ಅಳೆದಿರುತ್ತದೆ. ಇಸ್ರೇಲಿನ ರೋಲ್ನಿಕ್ ಮತ್ತು ಲುಬೋವ್ ಇದನ್ನು 1991ರಲ್ಲಿ ಪರೀಕ್ಷಿಸಿದರು. ಇಬ್ಬಿಬ್ಬರನ್ನು ಜೋಡಿ ಮಾಡಿ ತಿರುಗುವ ಯಂತ್ರದಲ್ಲಿ ಕೂರಿಸಿ, ಒಬ್ಬನ ಕೈಗೆ ಮಾತ್ರ ಹಿಡಿತ ಕೊಟ್ಟರು. ಇಬ್ಬರ ದೇಹಕ್ಕೂ ಸಿಕ್ಕ ಅಲುಗಾಟ ಒಂದೇ. ಆದರೂ ಸುಮ್ಮನೆ ಕೂತವನಿಗೇ ಹೆಚ್ಚು ಕಾಟ.

ಐದು ಸೆಕೆಂಡಿನ ಲಯ

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜೇಮ್ಸ್ ಒಹಾನ್ಲನ್ ಮತ್ತು ಮೈಕೇಲ್ ಮೆಕಾಲಿ ಒಂದು ಮುಚ್ಚಿದ ಕೋಣೆಯನ್ನು ಯಂತ್ರದಿಂದ ಮೇಲೆ ಕೆಳಗೆ ಆಡಿಸುತ್ತ ನೂರಾರು ಕಾಲೇಜು ಹುಡುಗರನ್ನು ಅದರಲ್ಲಿ ಕೂರಿಸಿದರು. ಎರಡು ಗಂಟೆ ಮುಗಿಯಬೇಕು, ಇಲ್ಲವೇ ವಾಂತಿಯಾಗಬೇಕು. ಯಾವುದು ಮೊದಲೋ ಅಲ್ಲಿಗೆ ಬಿಡುಗಡೆ. ಲಯವನ್ನು ಬದಲಿಸುತ್ತ ಹೋದಾಗ ಒಂದು ಸಂಗತಿ ಎದ್ದು ಕಂಡಿತು. ತೀರ ವೇಗದ ಕುಲುಕಾಟ ಹೆಚ್ಚು ಬಾಧಿಸುವುದಿಲ್ಲ, ತೀರ ನಿಧಾನದ ಏರಿಳಿತವೂ ಅಷ್ಟಾಗಿ ಬಾಧಿಸುವುದಿಲ್ಲ. ಅತಿ ಹೆಚ್ಚು ಮಂದಿಯನ್ನು ಕೆಡವುವುದು ಸುಮಾರು 0.2 ಹರ್ಟ್ಜ್, ಅಂದರೆ ಐದು ಸೆಕೆಂಡಿಗೊಮ್ಮೆ ಬರುವ ಏರಿಳಿತ. ಅದಕ್ಕೆ ಎಡಬಲದ ಓಲಾಟವನ್ನೂ ಮುಂದೆ ಹಿಂದಿನ ತೂಗಾಟವನ್ನೂ ಸೇರಿಸಿ ನೋಡಿದರು. ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. ಬೆಸೆಮರ್‌ನ ತೂಗುಕೋಣೆ ಓಲಾಟವನ್ನು ನಿಲ್ಲಿಸಿದ್ದರೂ ಏರಿಳಿತವನ್ನು ನಿಲ್ಲಿಸುವ ಉಪಾಯ ಅದರಲ್ಲಿ ಇರಲೇ ಇಲ್ಲ.

ಕುದುರೆ ಸವಾರಿಯಲ್ಲಿ, ಹಳ್ಳದಿಣ್ಣೆಯ ರಸ್ತೆಯ ಬೈಕಿನಲ್ಲಿ ಮೈ ನುಗ್ಗಾದರೂ ವಾಂತಿ ಬರದಿರುವುದು ಇದಕ್ಕೇ: ಆ ಕುಲುಕಾಟ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು. ಗಾಳ ಹಾಕಲು ನಿಂತ ಬೋಟಿನ ಕಥೆ ಬೇರೆ. ಸ್ಥಳೀಯ ಗಾಳಿಗೆ ಎದ್ದ ಅಲೆಗಳು ಕೆಲವೇ ಸೆಕೆಂಡಿಗೊಂದರಂತೆ ಬರುತ್ತವೆ. ನಿಂತ ಬೋಟು ಅವು ಏರಿಸಿದಂತೆ ಏರಿ, ಇಳಿಸಿದಂತೆ ಇಳಿಯುತ್ತದೆ. ಹೀಗಾಗಿ ಕಡಲು ಎಷ್ಟು ಎತ್ತರ ಎದ್ದಿದೆ ಎಂಬುದರ ಜೊತೆಗೆ ಅಲೆಗಳ ನಡುವಿನ ಹೊತ್ತೆಷ್ಟು ಎಂಬುದನ್ನೂ ನೋಡಬೇಕು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೀನುಗಾರರಿಗಾಗಿ ಕೊಡುವ ಕಡಲ ಮುನ್ಸೂಚನೆಯಲ್ಲಿ ಅಲೆಯ ಎತ್ತರ, ದಿಕ್ಕು, ಅವಧಿ ಎಲ್ಲವೂ ಇರುತ್ತದೆ. ಒಂದು ಮೀಟರಿನ ಅಲೆ ಹತ್ತು ಹನ್ನೆರಡು ಸೆಕೆಂಡಿಗೊಮ್ಮೆ ಬಂದರೆ ಬೋಟು ಮೆಲ್ಲಗೆ ಏರಿಳಿಯುತ್ತದೆ. ಅದೇ ಅಲೆ ಐದು ಸೆಕೆಂಡಿಗೊಂದು ಬಂದರೆ ಹೊಸಬರಿಗೆ ಕಷ್ಟದ ದಿನ.

ಹೊಟ್ಟೆಯನ್ನೇಕೆ ಎಳೆದು ತರುವುದು?

ಕಿವಿ ಮತ್ತು ಮೆದುಳಿನ ಲೆಕ್ಕ ತಪ್ಪಿದರೆ ಹೊಟ್ಟೆ ಖಾಲಿಯಾಗಬೇಕೇಕೆ? 1977ರಲ್ಲಿ ಮೈಕೇಲ್ ಟ್ರೀಸ್‌ಮನ್ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಊಹೆ ಮಂಡಿಸಿದರು. ಹಡಗು, ಬಸ್ಸುಗಳು ಬರುವ ಎಷ್ಟೋ ಕಾಲ ಮೊದಲು ಕಣ್ಣು ಕಿವಿಗಳ ತಾಳ ತಪ್ಪುತ್ತಿದ್ದುದು ವಿಷದ ಬೀಜವನ್ನೋ ಕಾಯನ್ನೋ ತಿಂದಾಗ. ನರಗಳ ಮೇಲೆ ವಿಷ ಕೆಲಸ ಶುರುಮಾಡಿತೆಂದರೆ ತಿಂದದ್ದನ್ನು ಕೂಡಲೇ ಹೊರಹಾಕಿದ ಜೀವಿ ಬದುಕಿತು. ಆ ಹಳೆಯ ರಕ್ಷಣಾ ಏರ್ಪಾಡು ಈಗ ಬೋಟಿನಲ್ಲಿ ಸುಳ್ಳು ಗಂಟೆ ಬಾರಿಸುತ್ತಿದೆ. ಇದಕ್ಕೆ ತುಸು ಬೆಂಬಲವೂ ಸಿಕ್ಕಿತು: ಒಳಗಿವಿಯ ಸಮತೋಲ ಅಂಗ ತೆಗೆದ ನಾಯಿಗಳಿಗೆ ಕೆಲವು ವಿಷಗಳನ್ನು ಕೊಟ್ಟರೆ ವಾಂತಿ ಮಾಡುವ ಶಕ್ತಿ ಕುಗ್ಗಿತ್ತೆಂದು ಮನಿ ಮತ್ತು ಚ್ಯೂಂಗ್ 1983ರಲ್ಲಿ ಕಂಡರು. ಆದರೂ ಇದು ಊಹೆಯೇ. ವಿಷ ತಿಂದವನು ಗಂಟೆಗಟ್ಟಲೆ ಕಾದು ವಾಂತಿ ಮಾಡಿದರೆ ಪ್ರಯೋಜನವೇನು ಎಂದು ಕೇಳುವವರಿದ್ದಾರೆ.

ಪ್ರಾಣಿಗಳಿಗೂ ಈ ಬೇನೆ ತಪ್ಪಿದ್ದಲ್ಲ. ನಾಯಿ, ಕೋತಿಗಳಷ್ಟೇ ಅಲ್ಲ, ಟ್ಯಾಂಕಿನಲ್ಲಿಟ್ಟು ಸಾಗಿಸುವ ಮೀನಿಗೂ ಬರುತ್ತದೆ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ತಿರುಗಿಸಿದರೆ ಅದು ಜೇಡಿಮಣ್ಣು ತಿನ್ನತೊಡಗುತ್ತದೆ. ನಮ್ಮ ಮನೆಗಳ ಮೂಲೆಯಲ್ಲಿ ಚಿಕ್ ಚಿಕ್ ಎನ್ನುತ್ತ ಓಡುವ, ಉದ್ದ ಮೂತಿಯ ಸುಂಡಿಲಿ ಮಾತ್ರ ಮೆಲ್ಲಗೆ ಅತ್ತಿತ್ತ ಆಡಿಸಿದರೆ ಕೆಲವೇ ನಿಮಿಷಗಳಲ್ಲಿ ವಾಂತಿ ಮಾಡುತ್ತದೆ. 1980ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಗಮನಿಸಿದ ಮೇಲೆ ವಾಂತಿಯ ಔಷಧಗಳ ಪ್ರಯೋಗಕ್ಕೆ ಸುಂಡಿಲಿಯೇ ಬೇಕಾಯಿತು.

ಮನುಷ್ಯರಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಬಹಳ ಅಪರೂಪ. ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ ಹೆಚ್ಚು, ಆಮೇಲೆ ಇಳಿಮುಖ. ಗಂಡಸರಿಗಿಂತ ಹೆಂಗಸರಿಗೆ, ಅರೆತಲೆನೋವು ಇರುವವರಿಗೆ ಕಾಟ ಜಾಸ್ತಿ. ಗಟ್ಟಿಗರೆಂಬ ಹೆಸರು ರಕ್ಷಣೆ ಕೊಡುವುದಿಲ್ಲ. ಬ್ರಿಟನ್ನಿನ ಮಹಾ ನೌಕಾಧಿಪತಿ ನೆಲ್ಸನ್ ಜೀವನವಿಡೀ ಕಡಲಬೇನೆ ಅನುಭವಿಸಿದ. 1831ರ ಡಿಸೆಂಬರಿನಲ್ಲಿ ‘ಬೀಗಲ್’ ಹತ್ತಿದ ಚಾರ್ಲ್ಸ್ ಡಾರ್ವಿನ್‌ನನ್ನು 1836ರಲ್ಲಿ ಊರಿಗೆ ಮರಳುವವರೆಗೂ ಅದು ಬಿಡಲಿಲ್ಲ. ತೂಗುಹಾಸಿಗೆಯಲ್ಲಿ ಮಲಗಿ ಒಣದ್ರಾಕ್ಷಿ ತಿನ್ನುವುದೇ ಅವನಿಗೆ ಗತಿಯಾಗಿತ್ತು. 1961ರಲ್ಲಿ ಭೂಮಿಯನ್ನು ಸುತ್ತಿದ ಗೆರ್ಮನ್ ಟಿಟೋವ್ ಬಾಹ್ಯಾಕಾಶದಲ್ಲಿ ಇದೇ ಬೇನೆಗೆ ತುತ್ತಾದ ಮೊದಲಿಗ. ತೂಕವಿಲ್ಲದ ಸ್ಥಿತಿಯಲ್ಲಿ ಕಿವಿಯ ಹರಳುಗಳು ಜಗ್ಗುವುದೇ ಇಲ್ಲವಲ್ಲ, ಅಲ್ಲಿ ಮೆದುಳಿನ ಹಳೆಯ ಅಂದಾಜೆಲ್ಲ ತಲೆಕೆಳಗು. ಗಗನಯಾತ್ರಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಮೊದಲ ಎರಡು ಮೂರು ದಿನ ಇದು ಕಾಡುತ್ತದೆ.

ಬೋಟಿನ ಮೇಲೆ ಏನು ಮಾಡಬೇಕು

ಕಾರಣ ಗೊತ್ತಾದರೆ ಉಪಾಯಗಳು ತಾವಾಗಿಯೇ ಹೊಳೆಯುತ್ತವೆ. ಮೊದಲನೆಯದು ಕೂರುವ ಜಾಗ. ಬೋಟಿನ ಮೂತಿ ಅತಿ ಹೆಚ್ಚು ಏರಿಳಿಯುತ್ತದೆ. ಫೋಟೊಗೆ ಚೆಂದವಾದ ಆ ಜಾಗವೇ ಹೊಟ್ಟೆಗೆ ಕೆಟ್ಟದ್ದು. ನಡುಭಾಗದಲ್ಲಿ, ಆದಷ್ಟು ತಗ್ಗಿನಲ್ಲಿ, ಗಾಳಿ ಆಡುವ ಕಡೆ, ಎಂಜಿನ್ ಹೊಗೆ ತಾಗದ ಹಾಗೆ ಕೂರಬೇಕು. ಎರಡನೆಯದು ಕಣ್ಣು. ನೀರೂ ಬಾನೂ ಸೇರುವ ಗೆರೆಯನ್ನೋ ದೂರದ ಗುಡ್ಡದ ಸಾಲನ್ನೋ ನೋಡುತ್ತಿದ್ದರೆ ಕಿವಿ ಹೇಳಿದ ಅಲುಗಾಟವನ್ನು ಕಣ್ಣೂ ಒಪ್ಪುತ್ತದೆ. ಅದು ಆಗದಿದ್ದರೆ ಕಣ್ಣು ಮುಚ್ಚಿ ಅಂಗಾತ ಮಲಗುವುದು ಮೇಲು. ಎರಡರ ನಡುವಿನದು, ಅಂದರೆ ಕೂತು ಮೊಬೈಲು ನೋಡುವುದು, ಅತಿ ಕೆಟ್ಟದ್ದು.

ಗಾಳ ಕಟ್ಟುವ ಕೆಲಸವೂ ಮೊಬೈಲಿನಷ್ಟೇ ಅಪಾಯಕಾರಿ. ಕಣ್ಣು ಒಂದಡಿ ದೂರದ ವಸ್ತುವಿಗೆ ನೆಟ್ಟಿರುತ್ತದೆ, ಕುತ್ತಿಗೆ ಬಗ್ಗಿರುತ್ತದೆ, ತಲೆ ಮತ್ತೆ ಮತ್ತೆ ಪೆಟ್ಟಿಗೆಯತ್ತ ತಿರುಗುತ್ತದೆ. ಇದನ್ನು ಬಂದರಿನಲ್ಲೇ ಮುಗಿಸಿಕೊಳ್ಳಬಹುದು: ಎರಡು ಮೂರು ದಾರಗಳಿಗೆ ಗಾಳ, ಸೀಸದ ಗುಂಡು ಕಟ್ಟಿ, ಸಿಕ್ಕಾಗದಂತೆ ಥರ್ಮೋಕೋಲ್ ತುಂಡಿಗೆ ಸುತ್ತಿಟ್ಟುಕೊಂಡರೆ ಕಡಲ ಮೇಲೆ ಗಂಟು ಹಾಕುವ ಪ್ರಮೇಯ ಬರುವುದಿಲ್ಲ. ಅಲ್ಲಿ ಬೇಕಾದದ್ದು ಕಾಲು ಅಗಲಿಸಿ ನಿಂತು, ಮಂಡಿ ಸಡಿಲ ಬಿಟ್ಟು, ಬೋಟು ಆಡಿದಂತೆ ಮೈಯನ್ನೂ ಆಡಿಸುವುದು. ಮೈ ತೂಗಾಟದ ಹತೋಟಿ ತಪ್ಪುವುದೇ ಬೇನೆಯ ಮೂಲ ಎಂದು 1991ರಲ್ಲಿ ರಿಚಿಯೊ ಮತ್ತು ಸ್ಟಾಫ್ರೆಗನ್ ಬೇರೊಂದು ವಾದವನ್ನೇ ಹೂಡಿದ್ದಾರೆ. ಅಲೆ ಬರುವ ಮೊದಲೇ ಒಂದು ಕಾಲಿನ ಮೇಲೆ ಭಾರ ಬದಲಿಸಿರುವ ಕಲಾಸಿಗಳನ್ನು, ಅಂದರೆ ಬೋಟಿನ ಕೆಲಸಗಾರರನ್ನು, ನೋಡಿದರೆ ಅದನ್ನು ತಳ್ಳಿಹಾಕುವುದು ಕಷ್ಟ.

ಊಟದ ವಿಷಯದಲ್ಲಿ ಅತಿ ಎರಡೂ ಕೂಡದು. ಎಣ್ಣೆತಿಂಡಿ ಹೊಟ್ಟೆ ತುಂಬ ತಿಂದು ಹೊರಡುವುದೂ ಬೇಡ, ಪೂರ್ತಿ ಉಪವಾಸವೂ ಬೇಡ. ನಾಲ್ಕು ಇಡ್ಲಿಯ ಬದಲು ಎರಡು ಸಾಕು. ಹಿಂದಿನ ರಾತ್ರಿಯ ಪಾರ್ಟಿ ಮಾತ್ರ ನೇರವಾಗಿ ಕಿವಿಗೇ ಕೈ ಹಾಕುತ್ತದೆ. ಮದ್ಯಸಾರ ರಕ್ತದಿಂದ ನಾಳದ ಪರದೆಗೆ ಮೊದಲು ಇಳಿಯುತ್ತದೆ, ಸುತ್ತಲಿನ ದ್ರವಕ್ಕೆ ತಡವಾಗಿ. ಆಗ ಪರದೆ ದ್ರವಕ್ಕಿಂತ ಹಗುರವಾಗಿ, ತಲೆ ಅಲ್ಲಾಡಿಸದಿದ್ದರೂ ತಿರುಗಿದೆ ಎಂಬ ಸುಳ್ಳು ವರದಿ ಕಳಿಸುತ್ತದೆ. ರಕ್ತದ ಮದ್ಯ ಇಳಿಯುವಾಗ ಇದೇ ಆಟ ತಿರುವುಮುರುವಾಗಿ ನಡೆಯುತ್ತದೆ. ಬೆಳಗಿನ ಜಾವ ಬೋಟು ಹತ್ತುವವನು ಈ ಎರಡನೆಯ ಸುತ್ತಿನಲ್ಲಿರುತ್ತಾನೆ.

ಹೊಟ್ಟೆ ತೊಳಸಲು ಶುರುವಾದೊಡನೆ ನಿಧಾನವಾಗಿ, ಒಂದೇ ಲಯದಲ್ಲಿ ಉಸಿರಾಡುವುದಕ್ಕೆ ಗಮನ ಕೊಟ್ಟರೆ ವಾಂತಿ ಮುಂದೆ ಹೋಗುತ್ತದೆಂದು ಪ್ರಯೋಗಗಳು ತೋರಿಸಿವೆ. ಔಷಧದಷ್ಟು ಬಲ ಇದಕ್ಕಿಲ್ಲ, ಆದರೆ ಕೂಡಲೇ ಕೆಲಸ ಮಾಡುತ್ತದೆ. ಮನಸ್ಸಿನ ಪಾಲೂ ಸಣ್ಣದಲ್ಲ. ಇಸ್ರೇಲಿನ ನೌಕಾ ಕೆಡೆಟ್‌ಗಳಲ್ಲಿ ಕೆಲವರಿಗೆ ‘ನಿಮಗೆ ಕಡಲಬೇನೆ ಬರುವ ಸಂಭವ ಕಡಿಮೆ, ಬಂದರೂ ನಿಮ್ಮ ಕೆಲಸ ಕೆಡುವುದಿಲ್ಲ’ ಎಂದು ಮೊದಲೇ ಹೇಳಿ ಕಳಿಸಿದರು. ಹೇಳಿಸಿಕೊಳ್ಳದವರಿಗಿಂತ ಅವರಿಗೆ ಬೇನೆಯೂ ಕಡಿಮೆ, ಕೆಲಸವೂ ಮೇಲು. 1995ರಲ್ಲಿ ಈಡನ್ ಮತ್ತು ಝುಕ್ ಪ್ರಕಟಿಸಿದ ಅಧ್ಯಯನ ಇದು. ಬೋಟು ಹತ್ತುವಾಗಲೇ ‘ನೋಡ್ತಿರು, ಇವನು ಕಕ್ಕೇ ಕಕ್ತಾನೆ’ ಎಂದು ರೇಗಿಸುವ ಗೆಳೆಯ ಮಾಡುವುದು ಇದರ ಉಲ್ಟಾ.

ಗುಳಿಗೆ, ಶುಂಠಿ, ದತ್ತೂರಿ

1947ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಪಿತ್ತದ ಗಂದೆಯ ತುರಿಕೆ ಇದ್ದ ಮಹಿಳೆಯೊಬ್ಬರು ಬರುತ್ತಿದ್ದರು. ಅಲರ್ಜಿ ತಜ್ಞರಾದ ಲೆಸ್ಲಿ ಗೇ ಮತ್ತು ಪಾಲ್ ಕಾರ್ಲೈನರ್ ಹೊಸದೊಂದು ಔಷಧ ಕೊಟ್ಟರು. ಅದನ್ನು ನುಂಗಿದ ದಿನ ಟ್ರಾಮಿನಲ್ಲಿ ಬರುವಾಗ ಎಂದಿನ ವಾಂತಿ ಬರಲಿಲ್ಲವೆಂದು ಆಕೆ ಹೇಳಿದರು. ವೈದ್ಯರು ಅದನ್ನು ಅಷ್ಟಕ್ಕೇ ಬಿಡಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ನ್ಯೂಯಾರ್ಕಿನಿಂದ ಜರ್ಮನಿಯ ಬ್ರೆಮರ್‌ಹಾವೆನ್‌ಗೆ ಹೊರಟ ‘ಜನರಲ್ ಬಲೂ’ ಸೈನಿಕ ಹಡಗಿನಲ್ಲಿ 1,300ಕ್ಕೂ ಹೆಚ್ಚು ಸಿಪಾಯಿಗಳಿದ್ದರು. ಚಳಿಗಾಲದ ಅಟ್ಲಾಂಟಿಕ್ ಕೆರಳಿತ್ತು. ಗುಳಿಗೆ ಸಿಕ್ಕವರಲ್ಲಿ ಹೆಚ್ಚಿನವರು ನೆಟ್ಟಗಿದ್ದರು, ಬರಿಯ ಸಕ್ಕರೆ ಗುಳಿಗೆ ಸಿಕ್ಕವರಲ್ಲಿ ಅನೇಕರು ಮಲಗಿದರು. ಆ ಔಷಧ, ಡ್ರಾಮಮೈನ್, ಹೆಸರುವಾಸಿಯಾದದ್ದು ಹಾಗೆ.

ನಮ್ಮ ಔಷಧದಂಗಡಿಗಳಲ್ಲಿ ಘಾಟಿ ಪ್ರಯಾಣಕ್ಕೆಂದು ಕೇಳಿ ಪಡೆಯುವ ಅವೋಮಿನ್ ಅದೇ ಬಳಗದ್ದು, ಅದರಲ್ಲಿರುವುದು ಪ್ರೊಮೆಥಜೀನ್. ಈ ಎಲ್ಲ ಗುಳಿಗೆಗಳಿಗೂ ಒಂದೇ ಷರತ್ತು: ಬೋಟು ಹತ್ತುವ ಗಂಟೆ ಎರಡು ಗಂಟೆ ಮೊದಲೇ ನುಂಗಿರಬೇಕು. ವಾಕರಿಕೆ ಶುರುವಾದೊಡನೆ ಜಠರ ತನ್ನ ಮಾಮೂಲಿ ಮಿಡಿತ ಬಿಟ್ಟು ಸ್ತಬ್ಧವಾಗುತ್ತದೆ. ಆಮೇಲೆ ನುಂಗಿದ ಗುಳಿಗೆ ಕರುಳಿಗಿಳಿಯದೆ ಅಲ್ಲೇ ಕೂರುತ್ತದೆ ಅಥವಾ ಅಲೆಯ ಪಾಲಾಗುತ್ತದೆ. ನಿದ್ದೆಗಣ್ಣು ಇದರ ಅಡ್ಡಪರಿಣಾಮ. ಬೋಟು ನಡೆಸುವವರು, ವಾಪಸು ಕಾರು ಓಡಿಸಬೇಕಾದವರು, ಗರ್ಭಿಣಿಯರು, ಬೇರೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ನುಂಗಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜೀನ್ ಕೊಡಲೇಬಾರದು. ಹೊಟ್ಟೆ ಕೆಟ್ಟಾಗ, ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ಚೆನ್ನಾಗಿ ಕೆಲಸ ಮಾಡುವ ಒಂಡಾನ್‌ಸೆಟ್ರಾನ್ ಕಡಲಬೇನೆಗೆ ಅಷ್ಟಾಗಿ ಉಪಯೋಗವಿಲ್ಲ. ಅದು ತಡೆಯುವುದು ಹೊಟ್ಟೆಯಿಂದ ಹೊರಡುವ ಸಂಕೇತವನ್ನು. ಇಲ್ಲಿ ಸಂಕೇತ ಹೊರಡುವ ಜಾಗವೇ ಬೇರೆ.

ಇವುಗಳಿಗಿಂತ ಬಲವಾದ ಔಷಧ ಹಯೋಸಿನ್, ಇನ್ನೊಂದು ಹೆಸರು ಸ್ಕೊಪೊಲಮೀನ್. ಬೇಲಿಬದಿಯ ದತ್ತೂರಿಯಲ್ಲೂ ಇರುವ ಈ ರಾಸಾಯನಿಕ ಸಮತೋಲದ ನರಗಳ ಸಂದೇಶವನ್ನು ಮಂದಮಾಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ, ಚಪ್ಪಟೆ ತಳದ ದೋಣಿಗಳಲ್ಲಿ ನಾರ್ಮಂಡಿಗೆ ಇಳಿಯಬೇಕಾದ ಬ್ರಿಟಿಷ್ ಸೈನಿಕರಿಗೆ ಇದನ್ನೇ ಆರಿಸಿದ್ದರು. ಕಿವಿಯ ಹಿಂದೆ ಅಂಟಿಸಿಕೊಂಡರೆ ಮೂರು ದಿನ ಚೂರುಚೂರೇ ಚರ್ಮದೊಳಗೆ ಇಳಿಯುವ ಪಟ್ಟಿಗೆ 1979ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಬಾಯಿ ಒಣಗುತ್ತದೆ, ದೃಷ್ಟಿ ಮಂಜಾಗುತ್ತದೆ, ಗ್ಲಾಕೋಮ ಇರುವವರಿಗೆ ಅಪಾಯ. ದತ್ತೂರಿಯ ಬೀಜವನ್ನೇ ಮದ್ದಾಗಿ ಬಳಸುವ ಯೋಚನೆ ಮಾತ್ರ ಯಾರಿಗೂ ಬೇಡ. ಒಂದು ಕಾಯಿಯಲ್ಲಿರುವ ವಿಷದ ಪ್ರಮಾಣ ಇನ್ನೊಂದರಲ್ಲಿರುವುದಿಲ್ಲ, ಜೀವ ಹೋದ ಉದಾಹರಣೆಗಳಿವೆ.

ಶುಂಠಿಗೆ ಅಂಥ ಅಪಾಯವಿಲ್ಲ. 1988ರಲ್ಲಿ ಡೆನ್ಮಾರ್ಕಿನ 80 ನೌಕಾ ಕೆಡೆಟ್‌ಗಳ ಮೇಲೆ ನಡೆದ ಪ್ರಯೋಗದಲ್ಲಿ ಒಂದು ಗ್ರಾಂ ಶುಂಠಿಪುಡಿ ತಿಂದವರಿಗೆ ವಾಂತಿ, ತಣ್ಣನೆಯ ಬೆವರು ಕಡಿಮೆಯಾಯಿತು. ವಾಕರಿಕೆ, ತಲೆಸುತ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೇರೆ ಕೆಲವು ಪ್ರಯೋಗಗಳಲ್ಲಿ ಫಲವೇ ಇರಲಿಲ್ಲ. ಮಣಿಕಟ್ಟಿಗೆ ಕಟ್ಟುವ ಒತ್ತುಪಟ್ಟಿಯದು ಇನ್ನೂ ಬಡಕಲು ಪುರಾವೆ.

ನೆಲಕ್ಕೆ ಮರಳಿದ ಮೇಲೆ

ಎಲ್ಲಕ್ಕಿಂತ ಒಳ್ಳೆಯ ಔಷಧ ಎರಡು ಮೂರು ದಿನ ಕಡಲ ಮೇಲೆಯೇ ಇರುವುದು. ಅಷ್ಟರಲ್ಲಿ ಹೆಚ್ಚಿನವರ ಮೆದುಳು ಬೋಟಿನ ಲಯವನ್ನು ಕಲಿತು ಅಂದಾಜನ್ನು ತಿದ್ದಿಕೊಳ್ಳುತ್ತದೆ. ಬೆಂಗಳೂರಿನಲ್ಲಿರುವ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ವಿಮಾನದಲ್ಲಿ ವಾಂತಿಯಾಗುವ ತರಬೇತಿ ಪೈಲಟ್‌ಗಳನ್ನು ದಾರಿಗೆ ತರುವುದೂ ಈ ತತ್ವದ ಮೇಲೆಯೇ: ತಿರುಗುವ ಕುರ್ಚಿಯಲ್ಲಿ ದಿನಕ್ಕಿಷ್ಟೆಂದು ಹೆಚ್ಚಿಸುತ್ತ ರೂಢಿ ಮಾಡಿಸುತ್ತಾರೆ. ಒಂದು ದಿನದ ಗಾಳದ ಪ್ರವಾಸಕ್ಕೆ ಬಂದವರಿಗೆ ಆ ಅವಕಾಶವಿಲ್ಲ. ಮೆದುಳು ಕಲಿಯಲು ಶುರುಮಾಡುವಷ್ಟರಲ್ಲಿ ಬೋಟು ಬಂದರಿಗೆ ಮರಳಿರುತ್ತದೆ. ಕಲಿತದ್ದು ಶಾಶ್ವತವೂ ಅಲ್ಲ. ಜೂನ್, ಜುಲೈಯ 61 ದಿನ ಮೀನುಗಾರಿಕೆ ನಿಷೇಧ ಮುಗಿಸಿ ಆಗಸ್ಟಿನಲ್ಲಿ ಮತ್ತೆ ಕಡಲಿಗಿಳಿಯುವ ಅನುಭವಿಗೂ ಮೊದಲ ದಿನ ತುಸು ತಲೆ ಭಾರವೆನಿಸಿದರೆ ಅಚ್ಚರಿಯಿಲ್ಲ.

ವಾಂತಿಯಾದವರಿಗೆ ಗುಟುಕು ಗುಟುಕಾಗಿ ಓಆರ್‌ಎಸ್ ನೀರೋ ಎಳನೀರೋ ಕುಡಿಸುತ್ತಿರಬೇಕು. ಅಂಚಿಗೆ ಬಾಗಿದವರನ್ನು ಇನ್ನೊಬ್ಬರು ಹಿಂದಿನಿಂದ ಹಿಡಿದುಕೊಂಡಿರಬೇಕು, ಮೈಮೇಲೆ ಲೈಫ್ ಜಾಕೆಟ್ ಇರಲೇಬೇಕು. ಬೇನೆಗಿಂತ ದೊಡ್ಡ ಅಪಾಯ ಕಾಲು ಜಾರಿ ನೀರಿಗೆ ಬೀಳುವುದು. ವಾಂತಿ ನಿಲ್ಲದೆ ಮೂತ್ರ ಕಡಿಮೆಯಾದರೆ, ಮಾತು ತೊದಲಿದರೆ, ಎದೆನೋವು ಕಾಣಿಸಿಕೊಂಡರೆ ಅದನ್ನು ಕಡಲಬೇನೆಯೆಂದು ಸುಮ್ಮನಿರದೆ ಬೋಟು ತಿರುಗಿಸಬೇಕು.

ಕೆಲವರಿಗೆ ಬಂದರಿನ ಕಟ್ಟೆ ಹತ್ತಿದ ಮೇಲೆ ನೆಲವೇ ತೂಗಿದಂತಾಗುತ್ತದೆ. ಬೋಟಿನ ಲಯಕ್ಕೆ ಹೊಂದಿಕೊಂಡ ಮೆದುಳು ಅದನ್ನು ಇನ್ನೂ ಲೆಕ್ಕಕ್ಕೆ ಹಿಡಿದಿರುವುದೇ ಕಾರಣ. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಎರಡು ದಿನಗಳಲ್ಲಿ ಇಳಿಯುತ್ತದೆ. ಅಪರೂಪಕ್ಕೆ, ಹೆಚ್ಚಾಗಿ ನಡುವಯಸ್ಸಿನ ಮಹಿಳೆಯರಲ್ಲಿ, ಈ ತೂಗಾಟ ತಿಂಗಳುಗಟ್ಟಲೆ ಉಳಿಯುವುದುಂಟು. ವಿಚಿತ್ರವೆಂದರೆ ಕಾರು ಓಡುತ್ತಿರುವಾಗ ಅವರಿಗೆ ಹಾಯೆನಿಸುತ್ತದೆ, ನಿಂತೊಡನೆ ಮತ್ತೆ ಶುರು. ನ್ಯೂಯಾರ್ಕಿನ ಮೌಂಟ್ ಸಿನಾಯ್‌ನಲ್ಲಿ ಮಿಂಗ್‌ಜಿಯಾ ಡೈ, ಬರ್ನಾರ್ಡ್ ಕೋಹೆನ್ ಮತ್ತು ಸಂಗಡಿಗರು ಇಂಥ 24 ಮಂದಿಗೆ ಪರದೆಯ ಮೇಲೆ ಚಲಿಸುವ ಪಟ್ಟೆಗಳನ್ನು ತೋರಿಸುತ್ತ, ಅದೇ ಹೊತ್ತಿಗೆ ಅವರ ತಲೆಯನ್ನು ತೂಗಾಟದ ಲಯದಲ್ಲೇ ಎಡಕ್ಕೂ ಬಲಕ್ಕೂ ವಾಲಿಸುತ್ತ ಚಿಕಿತ್ಸೆ ನೀಡಿದರು. ಕಡಲಿನಲ್ಲಿ ಕಲಿತದ್ದನ್ನು ಮರೆಸುವ ಪಾಠ ಅದು. 2014ರ ಅವರ ವರದಿಯ ಪ್ರಕಾರ ಹೆಚ್ಚಿನವರಿಗೆ ಗುಣ ಕಂಡಿತು.